ಫೋಟೋದ ಬೆನ್ನಿನ ಮೇಲೆ

"ಸಿಗ್ತಿಲ್ಲ ಅಜ್ಜಿ. ನಿಮ್ಮಮ್ಮ ಇಡೆಲ್ಲಾ ಅನ್ನೋರು ಈ ಹಳೇ ಫೋಟೋಗಳ ಪಟ್ಟೀಲಿ ಇಲ್ಲವೇ ಇಲ್ಲ," ಎಂದು ಮೊಮ್ಮಗಳು ಮರಿಸ್ ಗ್ರಂಥಾಲಯದ ಕಂಪ್ಯೂಟರಿನಿಂದ ಮುಖವೆತ್ತಿದಾಗ ಅಜ್ಜಿ ವರ್ಲಾ ನಕ್ಕುಬಿಟ್ಟಳು. "ಅಯ್ಯೋ ಜಾಣೆ, ಆ ಕಾಲದಲ್ಲಿ ಮದುವೆಯಾದೋಳಿಗೆ ಸ್ವಂತ ಹೆಸರೆಲ್ಲಿತ್ತು? ನಮ್ಮಪ್ಪನ ಹೆಸರು ಹಾಕಿ ನೋಡು."

ತಕ್ಷಣ ಸಿಕ್ಕಿತು. ಗ್ರಂಥಪಾಲಕಿ ಜೋನೀಸ್ ಪೆಟ್ಟಿಗೆಯಿಂದ ಫೋಟೋ ತಂದಿಟ್ಟಳು. ಅಮೆರಿಕದ ಅಯೋವಾ ರಾಜ್ಯದ ಆ ಊರಿನ ಹೆಂಗಸರು ಮೊದಲ ಸಲ ಓಟು ಹಾಕಿದ ದಿನದ್ದು. ಸಾಲಿನ ಮುಂದೆಯೇ, ಟೋಪಿ ಓರೆಯಾಗಿಟ್ಟುಕೊಂಡು ವರ್ಲಾಳ ಅಮ್ಮ ನಿಂತಿದ್ದಳು. ಕೆಳಗೆ 'ಶ್ರೀಮತಿ ವೆಂಡೆಲ್ ಪ್ರೂಯಿಟ್' ಎಂದು ಗಂಡನ ಹೆಸರಷ್ಟೇ ಇತ್ತು.

"ನೋಡೇ, ಓಟು ಹಾಕೋಕೆ ನಮ್ಮಪ್ಪನೇ ಲಂಗ ಉಟ್ಕೊಂಡು ಹೋದ ಹಾಗಿದೆ!" ಎಂದ ವರ್ಲಾಳ ನಗು ಅರ್ಧಕ್ಕೇ ನಿಂತಿತು. "ನಾನೂ ಹೋದ ಮೇಲೆ, ಇವಳು ಇಡೆಲ್ಲಾ ಅಂತ ಹೇಳೋರು ಯಾರು?"

"ನೀವೇ ಹಿಂದೆ ಬರೆದುಬಿಡಿ, ಮಿಸೆಸ್ ಟಾಲಿವರ್. ಪೆನ್ನು ಮಾತ್ರ ಬೇಡ, ಶಾಯಿ ಚಿತ್ರಕ್ಕೆ ಇಳಿಯುತ್ತೆ," ಎಂದು ಜೋನೀಸ್ ಮೆತ್ತನೆ ಪೆನ್ಸಿಲ್ ಕೊಟ್ಟಳು. ವರ್ಲಾ ಫೋಟೋ ಮಗುಚಿ, ಅಮ್ಮನ ಬೆನ್ನಿಗೆ ಚುಚ್ಚೀತೇನೋ ಎಂಬಂತೆ ಹಗುರವಾಗಿ ಬರೆದಳು: ಇಡೆಲ್ಲಾ.

"ಗುರುತು ಹೇಳಿದೋರ ಹೆಸರೂ ಇರಲಿ," ಎಂದಳು ಜೋನೀಸ್.

ತೀರಿಹೋದ ಗಂಡನ ಹೆಸರಿನಲ್ಲೇ ಇಂದಿಗೂ ಕ್ರಿಸ್‌ಮಸ್ ಕಾರ್ಡು ಕಳಿಸುವ ಕೈ ತಾನಾಗಿ ಓಡಿತು: 'ಮಗಳು, ಶ್ರೀಮತಿ ಡ್ವೈಟ್ ಟಾಲಿವರ್.'

ವರ್ಲಾ ತಾನು ಬರೆದದ್ದನ್ನು ಮತ್ತೊಮ್ಮೆ ಓದಿದಳು. ಆಮೇಲೆ ಮೊಮ್ಮಗಳತ್ತ ಕೈ ಚಾಚಿದಳು.

"ಮರಿಸ್, ಆ ರಬ್ಬರ್ ಕೊಡೇ ಇಲ್ಲಿ."