ಎರಡನೇ ಬಿಸ್ಕತ್ತು

ಯೋರಿಸ್ ಬಿಸ್ಕತ್ತಿನ ಡಬ್ಬ ತೆರೆದ. ನಗರಸಭೆಯಿಂದ ವಿಚಾರಣೆಗೆ ಬಂದಿದ್ದ ಫಾನ್ ಡಾಲೆನ್ ಮೇಡಂಗೆ ಒಂದು, ಅಜ್ಜಿಗೆ ಒಂದು, ಅಮ್ಮನಿಗೆ ಒಂದು, ತನಗೊಂದು. ಮುಚ್ಚಳ ಒತ್ತಿ ಡಬ್ಬವನ್ನು ಕಪಾಟಿನಲ್ಲಿಟ್ಟ. ಗೋಡೆಯ ಮೇಲೆ ದಿನದ ಕೆಲಸಗಳನ್ನು ಒಂದರ ನಂತರ ಒಂದಾಗಿ ತೋರಿಸುವ ಚಿತ್ರಗಳ ಸಾಲಿನಿಂದ ಕಾಫಿ ಕಪ್ಪಿನದನ್ನು ಕಿತ್ತು ಬುಟ್ಟಿಗೆ ಹಾಕಿದ. ಮುಂದಿನದು ಕೋಟಿನ ಚಿತ್ರ, ಅಂದರೆ ಬಂದವರು ಹೊರಡುವುದು. ಅದರಾಚೆ ಸಹಾಯಕಿ ಫೆಮ್ಮಿಯ ಫೋಟೋ.

"ಅಬ್ಬಾ, ಎಂಥ ಸಂಭಾವಿತ ಹುಡುಗ!" ಮೇಡಂ ಪೆನ್ನು ತೆಗೆದು ಅಮ್ಮನ ಕಡೆ ತಿರುಗಿದರು. "ನಿಜ ಹೇಳಿ ರಿಯಾನ್ನೆ, ಇಷ್ಟು ಸಮಾಧಾನವಾಗಿರೋ ಮಗುವಿಗೆ ನಗರಸಭೆ ದಿನಾ ಒಬ್ಬಳನ್ನ ಯಾಕೆ ಕಳಿಸಬೇಕು?"

"ಫೆಮ್ಮಿ ದಿನಾ ಬರ್ತಾಳೆ, ಅದಕ್ಕೇ ಸಮಾಧಾನವಾಗಿದ್ದಾನೆ. ಮೊದಲು ಇವನಿಗೆ ಹಲ್ಲುಜ್ಜಿಸೋದೇ ಒಂದು ಯುದ್ಧ. ಆಟಿಸಂ ಇರೋ ಮಗುವಿಗೆ ಮುಂದೇನು ಅಂತ ಗೊತ್ತಿರಬೇಕು ಮೇಡಂ. ಆ ಒಂದೊಂದು ಚಿತ್ರ ಕಲಿಸೋಕೆ ಅವಳು ಪಟ್ಟ ಪಾಡು..."

"ಪಟ್ಟಿದ್ದಾಯ್ತು, ಇವನು ಕಲಿತಿದ್ದೂ ಆಯ್ತು. ಇನ್ನು ಅವಳನ್ನ ಬೇರೆ ಮನೆಗೆ ಕಳಿಸಬಹುದಲ್ಲ? ನಾನು ಕಂಡಿದ್ದನ್ನೇ ಬರೀಬೇಕು. ಇಲ್ಲಿ ಕಷ್ಟ ಅನ್ನೋದು ನನ್ನ ಕಣ್ಣಿಗೆ ಬೀಳ್ತಾ ಇಲ್ಲ."

ಅಜ್ಜಿಗೆ ತಡೆಯಲಾಗಲಿಲ್ಲ. "ಹಾಲೆಂಡಿನಲ್ಲಿ ಹುಟ್ಟಿ ಹೀಗೆ ಮಾತಾಡ್ತೀರಲ್ಲಮ್ಮ! ನೆಲ ಒಣಗಿದೆ ಅಂತ ಯಾರಾದರೂ ಸಮುದ್ರ ತಡೆದಿರೋ ಒಡ್ಡು ಕೀಳ್ತಾರಾ?" ಆಮೇಲೆ ಮಗಳ ಕಿವಿಗೆ ಬಾಗಿದಳು. "ಕಷ್ಟ ನೋಡಬೇಕಂತೆ ಮಹಾರಾಯ್ತಿಗೆ. ತೋರಿಸಿಬಿಡೇ. ಇನ್ನೊಂದು ಬಿಸ್ಕತ್ತು ಕೊಡು ಅವಳಿಗೆ."

ರಿಯಾನ್ನೆ ಮಗನ ಮುಖ ನೋಡಿದಳು. ಹೋದ ಹುಟ್ಟುಹಬ್ಬದ ದಿನ ಅವನ ಸೋದರಮಾವ ತಮಾಷೆಗೆಂದು ಎರಡನೇ ಬಿಸ್ಕತ್ತು ಎತ್ತಿಕೊಂಡಿದ್ದ. ಯೋರಿಸನ ಹುಬ್ಬಿನ ಮೇಲಿನ ಗಾಯದ ಗೆರೆ ಆವತ್ತಿನದು. ಅವನು ಬಾಗಿಲಿಗೆ ತಲೆ ಚಚ್ಚಿಕೊಳ್ಳುವುದನ್ನು ಬಿಡಿಸಲು ಮನೆಮಂದಿಯೆಲ್ಲ ಬೇಕಾಗಿತ್ತು. ಇನ್ನೊಮ್ಮೆ ಹಾಗಾದರೆ ಮೇಡಂ ಕಣ್ಣಾರೆ ಕಾಣುತ್ತಾರೆ. ಫೆಮ್ಮಿ ಉಳಿಯುತ್ತಾಳೆ.

ಅವಳು ಎದ್ದು ಡಬ್ಬ ಇಳಿಸಿದಳು. ಯೋರಿಸ್ ನಿಂತಲ್ಲೇ ಸೆಟೆದ. ಕಣ್ಣು ಅಮ್ಮನ ಕೈಮೇಲೆ. ಅವನ ಬೆರಳುಗಳು ಮೆಲ್ಲಗೆ ಕಿವಿಯ ಕಡೆ ಏರತೊಡಗಿದವು.

"ಅಯ್ಯಯ್ಯೋ, ಬೇಡಿ!" ಮೇಡಂ ಗಾಬರಿಯಿಂದ ಕೈ ಅಡ್ಡ ಹಿಡಿದರು. "ಒಂದು ಕಪ್ಪಿಗೆ ಒಂದೇ. ಎರಡನೇದು ಮುಟ್ಟಿದರೆ ನಮ್ಮಮ್ಮ ಕೈಮೇಲೆ ಬಾರಿಸ್ತಿದ್ದರು. ಈಗಲೂ ಗಂಟಲಲ್ಲಿ ಇಳಿಯೋದಿಲ್ಲ."

ರಿಯಾನ್ನೆ ಡಬ್ಬವನ್ನು ಇದ್ದ ಜಾಗದಲ್ಲೇ ಇಟ್ಟಳು. ಮಗನ ಕೈ ಇಳಿಯಿತು, ಅವಳ ದನಿ ಏರಿತು.

"ನಿಮಗೆ ಇಳಿಯದಿದ್ದರೆ ಅದು ಸಂಸ್ಕಾರ. ಇವನಿಗೆ ಇಳಿಯದಿದ್ದರೆ ಪುರಾವೆ ಕೊಡಬೇಕು, ಅಲ್ವಾ? ಆರಕ್ಕೆ ಊಟ ಅಂದರೆ ಆರಕ್ಕೇ ಆಗಬೇಕು ನಮಗೆ, ಹಾಲೆಂಡಿನವರಿಗೆ. ಹೇಳದೆ ಬಂದರೆ ಹೆತ್ತ ತಾಯಿಯನ್ನೂ ಬಾಗಿಲಲ್ಲೇ ನಿಲ್ಲಿಸೋ ಜನ ನಾವು! ನಮ್ಮನ್ನ ಪರೀಕ್ಷೆ ಮಾಡೋಕೆ ಯಾರೂ ಬರಲ್ಲ. ಇವನ ತಲೆ ಒಡೆದು ರಕ್ತ ಬಂದರೆ ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತೆ!"

"ಕೋಪ ಮಾಡ್ಕೋಬೇಡಿ. ನಿಯಮ ನಾನು ಮಾಡಿದ್ದಲ್ಲ." ಮೇಡಂ ಎದ್ದರು.

ಅವರು ಎದ್ದದ್ದೇ ತಡ, ಯೋರಿಸ್ ಗೂಟದಿಂದ ಅವರ ಕೋಟು ತಂದು ಬಿಡಿಸಿ ಹಿಡಿದ. "ನೋಡಿ ನೋಡಿ, ಎಷ್ಟು ಚೆಂದ!" ಎನ್ನುತ್ತ ಅವರು ಒಂದು ತೋಳಿಗೆ ಕೈ ತೂರಿಸಿದರು.

"ಹಾಗಾದರೆ ಒಂದು ಉಪಕಾರ ಮಾಡಿ ಹೋಗಿ." ರಿಯಾನ್ನೆ ಗೋಡೆಯತ್ತ ಬೆರಳು ಮಾಡಿದಳು. "ಫೆಮ್ಮಿಯ ಫೋಟೋನ ನೀವೇ ಕಿತ್ತುಬಿಡಿ. ಈಗಲೇ. ಅವನ ಎದುರಿಗೇ."

ಮೇಡಂ ಫೋಟೋ ನೋಡಿದರು. ಹುಡುಗನ ಹುಬ್ಬು ನೋಡಿದರು. ಬಾಗಿಲ ಕಡೆ ಹೆಜ್ಜೆ ಇಟ್ಟರು. ಕೋಟು ಹಿಂದಕ್ಕೆ ಜಗ್ಗಿತು. ಖಾಲಿ ಇದ್ದ ಇನ್ನೊಂದು ತೋಳನ್ನು ಹಿಡಿದು ಯೋರಿಸ್ ಹಾಗೇ ನಿಂತಿದ್ದ. ಎರಡೂ ತೋಳು ತುಂಬದೆ ಕೋಟಿನ ಚಿತ್ರ ಮುಗಿಯುವುದಿಲ್ಲ.