ಭವ್ಯಳ ಸಬ್ಜೆಕ್ಟ್

ಚೀಟಿ ಬಿಚ್ಚಿ ನೋಡಿದ ಭವ್ಯಳ ಮುಖ ಹುಳ್ಳಗಾಯಿತು. ಬಿ.ಎ. ಕೊನೆಯ ವರ್ಷದ ಮನಃಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವಳ ಪಾಲಿಗೆ ಬಂದದ್ದು ಕನ್ನಡಿ ಚಿತ್ರದ ಪ್ರಯೋಗ. ಯಾವುದು ಬಂದರೂ ಸರಿ, ಇದೊಂದು ಬರದಿರಲಿ ಎಂದು ಬೆಳಿಗ್ಗೆ ತಾನೇ ಹಲಸೂರಿನ ಸೋಮೇಶ್ವರನಿಗೆ ಕೈಮುಗಿದು ಬಂದಿದ್ದಳು. ಸೋಮೇಶ್ವರ ಅರ್ಧ ಮಾತ್ರ ಕೇಳಿಸಿಕೊಂಡಿದ್ದ ಅಂತ ಕಾಣುತ್ತದೆ.

ತೊಂಬತ್ತೈದರ ಮಾರ್ಚ್ ತಿಂಗಳು. ಆಗೆಲ್ಲ ಈ ಪರೀಕ್ಷೆಗೆ ಪೆನ್ನು, ಹಾಲ್ ಟಿಕೆಟ್ ಜೊತೆಗೆ ಯಾರಾದರೂ ಒಬ್ಬರನ್ನೂ ಕರೆದುಕೊಂಡು ಹೋಗಬೇಕಿತ್ತು. ಪ್ರಯೋಗ ನಡೆಯುವುದು ಅವರ ಮೇಲೆ. ಅವರಿಗೆ ‘ಸಬ್ಜೆಕ್ಟ್’ ಅಂತ ಹೆಸರು. ಮನಃಶಾಸ್ತ್ರ ಓದುವ ಹುಡುಗಿ ಬರುತ್ತಿದ್ದಾಳೆ ಅಂದರೆ ಅಕ್ಕಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಬಾಗಿಲು ಹಾಕಿಕೊಳ್ಳದವಳು ಮರ್ಫಿ ಟೌನಿನ ಶಕೀಲಾ ಒಬ್ಬಳೇ. ಸ್ಕೂಲಿನಿಂದಲೂ ಭವ್ಯಳ ಗೆಳತಿ. ಪಿಯುಸಿಯಲ್ಲಿ ಇಂಗ್ಲಿಷ್ ಎರಡು ಸಲ ಕೈಕೊಟ್ಟ ಮೇಲೆ ಪರೀಕ್ಷೆಯ ಸಹವಾಸವೇ ಬೇಡ ಅಂತ ಶಿವಾಜಿನಗರದ ಟೈಲರಿಂಗ್ ಅಂಗಡಿ ಸೇರಿದ್ದಳು.

ಆದರೂ ಸಂಜೆಯಾದರೆ ಭವ್ಯಳ ಮನೆಯ ಮಹಡಿ ಮೇಲೆ ಹಾಜರು. ಒಂದು ಎಗ್ ಪಫ್ ಕೊಡಿಸಿದರೆ ಎಂಥ ಪ್ರಯೋಗಕ್ಕೂ ತಲೆ ಕೊಡುತ್ತಿದ್ದಳು. ಅದರಲ್ಲೂ ಕನ್ನಡಿ ಚಿತ್ರ ಅಂದರೆ ಪ್ರಾಣ. ಕೈ ಕಾಣದ ಹಾಗೆ ಶೂ ಡಬ್ಬಿಯ ಮುಚ್ಚಳ ಅಡ್ಡ ಇಟ್ಟು, ಭವ್ಯಳ ಅಪ್ಪನ ಶೇವಿಂಗ್ ಕನ್ನಡಿಯಲ್ಲಿ ನೋಡುತ್ತ, ಜೋಡಿ ಗೆರೆಯ ನಕ್ಷತ್ರದ ನಡುವೆ ಪೆನ್ಸಿಲ್ ಓಡಿಸಬೇಕು. ಗೆರೆ ಮುಟ್ಟಿದರೆ ತಪ್ಪು. ಕನ್ನಡಿಯಲ್ಲಿ ಎಲ್ಲ ತಿರುಗುಮುರುಗು. ಹೊಸಬರ ಕೈ ಮೇಲೆ ಹೋಗು ಅಂದರೆ ಕೆಳಗೆ ಹೋಗುತ್ತದೆ. ಶಕೀಲಾಳಿಗೆ ಮಾತ್ರ ಅದು ಕುಂಟೆಬಿಲ್ಲೆಯಷ್ಟು ಸಲೀಸಾಗಿಬಿಟ್ಟಿತ್ತು. ಹಲಸೂರು ಕೆರೆಯ ಕಡೆಯಿಂದ ಗಾಳಿ, ಮಿಲಿಟರಿ ಸೆಂಟರಿನ ಕಹಳೆ, ಇಬ್ಬರ ಮಧ್ಯೆ ಒಂದು ಪಫ್. ಅಂಥ ಸಂಜೆಗಳು ಭವ್ಯಳಿಗೆ ಆಮೇಲೆ ಸಿಗಲಿಲ್ಲ.

ತೊಂದರೆ ಇದ್ದದ್ದೂ ಅಲ್ಲೇ. ಪರೀಕ್ಷೆಗೆ ತರುವ ಸಬ್ಜೆಕ್ಟ್ ಏನೂ ಗೊತ್ತಿಲ್ಲದ ಹೊಸಬರಾಗಿರಬೇಕು. ಮೊದಲು ರಾಶಿ ತಪ್ಪು, ಬರಬರುತ್ತ ಕಡಿಮೆ. ಗ್ರಾಫಿನ ಆ ಇಳಿಜಾರಿನಿಂದಲೇ ಕಲಿಕೆಯನ್ನು ಅಳೆಯುವುದು. ಮೊದಲೇ ಕಲಿತು ಕೂತವಳಲ್ಲಿ ಅಳೆಯುವುದಾದರೂ ಏನನ್ನು? ಪ್ರಾಕ್ಟಿಕಲ್ ಹೋದರೆ ಭವ್ಯಳಿಗೆ ವರ್ಷವೇ ಹೋದಂತೆ.

ಸಬ್ಜೆಕ್ಟಾಗಿ ಬಂದಿದ್ದ ಶಕೀಲಾ ಕಾಯುತ್ತಿದ್ದ ಕಾರಿಡಾರಿಗೆ ಅವಳು ಓಡಿ ಬಂದಳು. “ಶಕ್ಕು, ಕನ್ನಡಿ ಬಂದ್ಬಿಟ್ಟಿದೆ ಕಣೇ.”

“ಅಚ್ಛಾ ಆಯ್ತಲ್ಲ. ನಂಗೆ ಬರುತ್ತೆ.”

“ಬರೋದೇ ಪ್ರಾಬ್ಲಮ್ಮು. ಫಸ್ಟ್ ಟೈಮ್ ನೋಡ್ದೋಳ ಥರ ಮಾಡು. ಶುರೂನಲ್ಲಿ ಚೆನ್ನಾಗಿ ತಪ್ಪು ಮಾಡ್ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಕೊಂಡು ಬಾ.”

“ಬೇಕೂಂತ ತಪ್ಪು ಮಾಡ್ಬೇಕಾ?”

“ನನಗೋಸ್ಕರ.”

ಶಕೀಲಾ ದುಪಟ್ಟಾ ಸರಿ ಮಾಡಿಕೊಂಡು ಒಳಗೆ ಬಂದಳು. ಭವ್ಯ ಹೇಳಿಕೊಟ್ಟಂತೆ ಮೊದಲ ಸಲ ಪೆನ್ಸಿಲನ್ನು ಕುಡಿದವನ ಸೈಕಲ್ಲಿನಂತೆ ಓಡಿಸಿದಳು. ಭವ್ಯ ತಪ್ಪುಗಳನ್ನು ಗುರುತು ಹಾಕಿಕೊಳ್ಳುತ್ತ ನೆಮ್ಮದಿಯ ಉಸಿರು ಬಿಟ್ಟಳು. ಅಷ್ಟರಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕಿ, ಗುಲ್ಬರ್ಗ ಕಡೆಯ ಶರಣಮ್ಮ ಮೇಡಂ, ಮೇಜಿನ ಹತ್ತಿರ ಬಂದು ನಿಂತರು. ಒಳ್ಳೆಯ ಹೆಂಗಸು. ಶಕೀಲಾಳ ಬೆನ್ನು ಸವರಿ ಅಂದರು, “ಅಂಜಬ್ಯಾಡವ್ವ. ನಿನಗ ಬರಲಿಲ್ಲಂದ್ರೂ ನಡೀತದ.”

ಇದೇ ಮಾತನ್ನು, ಇದೇ ಕನಿಕರದಲ್ಲಿ, ಇಂಗ್ಲಿಷ್ ಹೋದ ಎರಡು ಸಲವೂ ಶಕೀಲಾಳಿಗೆ ಮನೆಯವರಿಂದ ಹಿಡಿದು ಕಾಯಿಪಲ್ಯದವಳವರೆಗೆ ಎಲ್ಲರೂ ಹೇಳಿದ್ದರು. ಅವಳ ಕಿವಿ ಕೆಂಪಾಯಿತು. ಭವ್ಯ ಎರಡನೆಯ ಹಾಳೆ ಇಟ್ಟು “ಸ್ಟಾರ್ಟ್” ಅಂದಳು. ಶಕೀಲಾ ಗೆಳತಿಯ ಮುಖ ನೋಡಲಿಲ್ಲ. ಪೆನ್ಸಿಲ್ ಹೊರಟಿತು, ಮೂಲೆಯಿಂದ ಮೂಲೆಗೆ ತಿರುಗಿತು, ಎಲ್ಲೂ ನಿಲ್ಲದೆ ಹೊರಟ ಜಾಗಕ್ಕೇ ಬಂದು ಸೇರಿತು. ಗೆರೆಯನ್ನು ಎಲ್ಲೂ ಸೋಕಿರಲಿಲ್ಲ.

ಭವ್ಯಳಿಗೆ ಸಿಟ್ಟು ನೆತ್ತಿಗೇರಿತು. ಇಳಿಜಾರು ಆಗಬೇಕಿದ್ದ ಗ್ರಾಫ್ ಬಾವಿಗೆ ಬಿದ್ದಿತ್ತು. ಆದರೆ ತಲೆ ಎತ್ತಿ ನೋಡಿದರೆ ಶಕೀಲಾ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅವಳನ್ನು ಹಾಗೆ ಭವ್ಯ ನೋಡಿಯೇ ಇರಲಿಲ್ಲ. ಬೈಯುವ ಬದಲು ತಪ್ಪಿನ ಲೆಕ್ಕದಲ್ಲಿ ಸೊನ್ನೆ ಬರೆದುಕೊಂಡಳು.

ಶರಣಮ್ಮನವರಿಗೆ ಗೊತ್ತಾಗದೆ ಇರುತ್ತದೆಯೇ? “ಇದನ್ನ ಮೊದಲು ಮಾಡೀಯಲ್ಲ ನೀ?” ಎಂದರು.

“ತುಂಬಾ ಸಲ, ಮೇಡಂ.”

“ಹಂಗಾದ್ರ ಇದು ನಡೆಯಂಗಿಲ್ಲ.” ಭವ್ಯಳ ಕಡೆ ತಿರುಗಿ ದನಿ ತಗ್ಗಿಸಿದರು. “ಇನ್ನೂ ಟೈಮ್ ಅದ. ಹೊರಗ ಬ್ಯಾರೆ ಯಾರರ ಇದ್ರ ಕರ್ಕೊಂಡು ಬಾ, ಹೋಗು. ಹಾಳಿ ಬದಲಿ ಮಾಡು.”

ಭವ್ಯಳಿಗೆ ಹೋದ ಜೀವ ಬಂದಂತಾಯಿತು. ವರ್ಷ ಉಳಿಯಿತು. ಬಾಗಿಲ ತನಕ ಹೋದವಳು, ಶಕೀಲಾ ಏಳಲೇ ಇಲ್ಲವಲ್ಲ ಎಂದು ತಿರುಗಿ ನೋಡಿದಳು. ಅವಳು ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಪರೀಕ್ಷಕಿಯ ಮುಂದೆ ಚಾಚಿದ್ದಳು.

“ಇದ್ರಲ್ಲಿ ಒಂದೂ ತಪ್ಪಿಲ್ಲ ಅಲ್ವಾ ಮೇಡಂ?”

“ಒಂದೂ ಇಲ್ಲ.”

“ಹಂಗಾದ್ರೆ ನಂಗೆಷ್ಟು ಮಾರ್ಕ್ಸು?”

ಶರಣಮ್ಮ ಹಾಳೆಯನ್ನು ನೋಡಿದರು, ಹುಡುಗಿಯನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು.

“ಸಬ್ಜೆಕ್ಟಿಗೆ ಮಾರ್ಕ್ಸ್ ಇರಂಗಿಲ್ಲವ್ವ.”