ಪೇಟದೊಳಗಿನ ಆವಲಪ್ಪ

ಮಂತ್ರಿಗಳು ತೊಡಿಸಿದ ಮೈಸೂರು ಪೇಟ ಆವಲಪ್ಪನ ತಲೆಯ ಮೇಲೆ ನಿಲ್ಲಲಿಲ್ಲ. ಹಣೆ ದಾಟಿ, ಕಣ್ಣು ಮುಚ್ಚಿ, ಮೂಗಿನ ಮೇಲೆ ಬಂದು ಕೂತಿತು. ಸಭೆ ಚಪ್ಪಾಳೆ ತಟ್ಟಿತು. ಮಂತ್ರಿಗಳು ಕೈಯಾರೆ ತೊಡಿಸಿದ್ದನ್ನು ಅವರೆದುರೇ ಎತ್ತುವುದು ಹೇಗೆ? ನಂದಿಯ ದ್ರಾಕ್ಷಿ ಬೆಳೆಗಾರ, ವರ್ಷದ ಉತ್ತಮ ರೈತ ಆವಲಪ್ಪ ಕತ್ತಲೆಯಲ್ಲೇ ಕೈಮುಗಿದು ನಿಂತ.

ಅರ್ಧ ಗಂಟೆಯಿಂದ ಅವನ ಪಾಡು ಯಾರಿಗೂ ಬೇಡ ಅನ್ನುವಂತಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯಾದ ಹೊಸತು. ವೇದಿಕೆಯಲ್ಲಿ ಅವನ ಎಡಕ್ಕೆ ಜಿಲ್ಲಾಧಿಕಾರಿ, ಬಲಕ್ಕೆ ಮಂತ್ರಿ. ಮೆತ್ತನೆಯ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರೆ ಅಹಂಕಾರ ಅಂದಾರು, ಮುಂದಕ್ಕೆ ಬಾಗಿದರೆ ಹೊಟ್ಟೆನೋವು ಅಂದಾರು ಎಂದು ಅಂಚಿನಲ್ಲೇ ಕೂತು ಕಾಲು ಜೋಮು ಹಿಡಿದಿತ್ತು. ಹೆಂಡತಿ ಅಶ್ವತ್ಥಮ್ಮ ಯೋಗ ಶಿಬಿರದಲ್ಲಿ ಕಲಿತು ಹೇಳಿಕೊಟ್ಟಂತೆ ‘ನಾನು ಶಾಂತ, ನಾನು ಶಾಂತ’ ಎಂದು ಮನಸ್ಸಿನಲ್ಲೇ ಜಪಿಸಿದ. ಮಂತ್ರಿಗಳು “ಏನಂದ್ರಿ?” ಎಂದು ಕೇಳಿದಾಗಲೇ ಬಾಯಿಬಿಟ್ಟು ಜಪಿಸುತ್ತಿದ್ದದ್ದು ಗೊತ್ತಾಯಿತು.

“ಏಮಿ ಲೇದು ಸಾರ್,” ಅಂದ. ಗಾಬರಿಯಾದರೆ ‘ಏನಿಲ್ಲ’ ಅನ್ನುವುದಕ್ಕೂ ಅವನ ಬಾಯಿಗೆ ತೆಲುಗೇ ಬರುವುದು.

ಈಗ ಪೇಟದೊಳಗೆ ಮಂತ್ರಿಯೂ ಇಲ್ಲ, ಜಿಲ್ಲಾಧಿಕಾರಿಯೂ ಇಲ್ಲ. ಹೊಸ ಬಟ್ಟೆಯ ವಾಸನೆ, ತನ್ನದೇ ಉಸಿರು. ಎದೆಬಡಿತ ತಾನಾಗಿ ಇಳಿಯಿತು. ಅಷ್ಟರಲ್ಲಿ ಯಾರೋ ಕೈಗೆ ಮೈಕು ಕೊಟ್ಟು, “ಎರಡು ಮಾತಾಡಿ ಯಜಮಾನ್ರೆ” ಅಂದರು.

“ಎರಡಕ್ಕೆ ಮುಗಿಯಲ್ಲ ಸಾರ್,” ಅಂದ ಆವಲಪ್ಪ. ತನ್ನ ದನಿ ತನಗೇ ಇಷ್ಟವಾಯಿತು. “ನಮ್ಮ ತೋಟದ ರಸ್ತೆ ನೋಡಿದೀರಾ? ತೋಟದಲ್ಲಿ ದ್ರಾಕ್ಷಿ ತುಂಬ್ತೀನಿ, ಮಾರ್ಕೆಟ್ಟಲ್ಲಿ ಜ್ಯೂಸ್ ಇಳಿಸ್ತೀನಿ. ಹೋದ್ಸಲ ರಸ್ತೆ ಅಳೆಯಕ್ಕೆ ಬಂದ ಸಾಹೇಬ್ರು ಜೀಪ್ ಕುಲುಕಿದ ರಭಸಕ್ಕೆ ಹಲ್ಲಿನ ಸೆಟ್ಟು ಕಳ್ಕೊಂಡ್ರು. ಇವತ್ತಿಗೂ ಸಿಕ್ಕಿಲ್ಲ.”

ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಿಂದ ಅಶ್ವತ್ಥಮ್ಮ ಗದರಿದಳು. “ರೀ, ಕಂಬಕ್ಕೆ ಹೇಳ್ತಿದೀರ. ಮಂತ್ರಿಗಳು ಆ ಕಡೆ ಅವ್ರೆ.”

ಆವಲಪ್ಪ ತಿರುಗಿದ. ಪೇಟದಡಿಯಿಂದ ಬಿಳಿ ಪಂಚೆಯ ಅಂಚು, ಹೊಳೆಯುವ ಚಪ್ಪಲಿ ಕಂಡವು. ಹಾಗೇ ಮುಗಿಸಿಬಿಡಬಹುದಿತ್ತು. ಆದರೆ ಮುಖ ಮುಚ್ಚಿಕೊಂಡು ಕೇಳಿದರೆ ಯಾರು ರಸ್ತೆ ಮಾಡಿಸಿಯಾರು ಅನ್ನಿಸಿತು. ಎರಡೂ ಕೈಯಿಂದ ಪೇಟ ಎತ್ತಿ ಕಂಕುಳಿಗೆ ಸೇರಿಸಿದ. ಮಂತ್ರಿಗಳ ಮುಖ ನೇರ ಅವನ ಕಡೆಗೇ ಇತ್ತು. ತೆಲುಗು ನುಗ್ಗಿ ಬಂತು. ನುಂಗಿಕೊಂಡ.

“ರಸ್ತೆ ಬೇಕು ಸಾರ್,” ಅಂದ. ದನಿ ಕೋಳಿಮರಿಯ ದನಿಯಷ್ಟು ಸಣ್ಣಗಿತ್ತು; ಕಣ್ಣು ಮಾತ್ರ ಕೆಳಗಿಳಿಯಲಿಲ್ಲ.

ಪಕ್ಕಕ್ಕೆ ಬಂದು ಕೂತಾಗ ಮಂತ್ರಿಗಳು ಅವನ ಕಿವಿಯ ಬಳಿ ಬಾಗಿದರು. “ರಸ್ತೆ ಬರೆಸ್ತೀನಿ. ಅದಿರಲಿ, ಪೇಟ ಎತ್ತೇಬಿಟ್ರಲ್ಲ ಯಜಮಾನ್ರೆ. ಹನ್ನೆರಡು ವರ್ಷದಿಂದ ಭಾಷಣ ಮಾಡ್ತಿದೀನಿ, ಇದನ್ನ ತೆಗೆದು ಜನರನ್ನ ನೋಡೋ ಧೈರ್ಯ ನನಗಿನ್ನೂ ಬಂದಿಲ್ಲ,” ಎಂದು, ಟ್ಯೂಬ್‌ಲೈಟಿನ ಆ ಸಭಾಂಗಣದೊಳಗೂ ಹಾಕಿಕೊಂಡಿದ್ದ ಕಪ್ಪು ಕನ್ನಡಕವನ್ನು ಇನ್ನಷ್ಟು ಮೇಲಕ್ಕೆ ಒತ್ತಿಕೊಂಡರು.